ಮಿಟುಕುವ ಹನ್ನೆರಡು ಗಂಟೆ

ಕುರುಗೋಡಿನ ನಮ್ಮ ನೆಂಟರ ಮನೆಯಲ್ಲಿ ಎರಡು ಗಡಿಯಾರಗಳಿದ್ದವು. ಗೋಡೆಯ ಮೇಲೆ ಸೆಲ್ಲು ಹಾಕುವ ಮುಳ್ಳಿನ ಗಡಿಯಾರ, ಟಿ.ವಿ. ಪಕ್ಕದಲ್ಲಿ ಪ್ಲಗ್ಗಿಗೆ ಸಿಕ್ಕಿಸುವ ಅಂಕಿ ಗಡಿಯಾರ. ಕರೆಂಟು ಹೋಗಿ ಬಂದಾಗಲೆಲ್ಲ ಈ ಎರಡನೆಯದು 12:00 ಎಂದು ಕಣ್ಣು ಮಿಟುಕಿಸುತ್ತ ಕೂರುತ್ತಿತ್ತು. "ಅದು ಕೆಟ್ಟೈತಿ, ಗೋಡಿ ಮ್ಯಾಲಿಂದು ನೋಡಪಾ" ಎಂದು ಅಜ್ಜಿ ಮೊಮ್ಮಗನಿಗೆ ಹೇಳುತ್ತಿದ್ದರು. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ದಿನ ಹುಡುಗ ಗೋಡೆಯದನ್ನೇ ನಂಬಿ ಹೊರಟ. ಸೆಲ್ಲು ಸೊರಗಿ ಅದು 20 ನಿಮಿಷ ಹಿಂದೆ ಬಿದ್ದಿತ್ತು. ಓಡಿ ಹೋಗಿ ಹೇಗೋ ಪರೀಕ್ಷಾ ಕೋಣೆ ಸೇರಿದನಾದರೂ ಮೊದಲ ಎರಡು ಲೆಕ್ಕ ನಡುಗುವ ಕೈಯಲ್ಲೇ ಆದವು.

ಹಾಗಾದರೆ ಕೆಟ್ಟ ಗಡಿಯಾರ ಯಾವುದು? ಕಣ್ಣು ಮಿಟುಕಿಸುತ್ತಿದ್ದದ್ದು "ನನಗೆ ಈಗ ಸಮಯ ಗೊತ್ತಿಲ್ಲ" ಎಂದು ಒಪ್ಪಿಕೊಳ್ಳುತ್ತಿತ್ತು. ಗೋಡೆಯದು ಗಂಭೀರವಾಗಿ ಸುಳ್ಳು ಹೇಳುತ್ತಿತ್ತು. ತನ್ನ ತಪ್ಪು ತನಗೇ ತಿಳಿಯುವಂತೆ ಗಡಿಯಾರವನ್ನು ಕಟ್ಟುವುದು ಎಲೆಕ್ಟ್ರಾನಿಕ್ಸ್‌ನವರಿಗೆ ಒಂದು ದೊಡ್ಡ ಕೆಲಸ.

ಕಂಪ್ಯೂಟರಿನಲ್ಲಿ, ವಿದ್ಯುತ್ ಮೀಟರಿನಲ್ಲಿ ಬೆರಳುಗುರಿನಷ್ಟು ಗಾತ್ರದ ಗಡಿಯಾರದ ಚಿಪ್ ಇರುತ್ತದೆ. ಅದರ ಜೊತೆಗಿರುವ ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಹೋಗಿ, ಕೊನೆಗೆ ಸಿಗುವುದು ಸರಿಯಾಗಿ 1. ಕರೆಂಟು ಹೋದಾಗ ಬಟನ್ ಸೆಲ್ಲು ಇದನ್ನು ನಡೆಸುತ್ತದೆ. ಸೆಲ್ಲು ಸೊರಗಿ ಹರಳು ನಿಂತಿತೆನ್ನಿ. ಕರೆಂಟು ಮರಳಿದಾಗ ಎಣಿಕೆ ಮತ್ತೆ ಶುರುವಾಗುತ್ತದೆ, ಅಂಕಿಗಳೂ ಸಂಭಾವಿತರಂತೆಯೇ ಕಾಣುತ್ತವೆ. ಆದ್ದರಿಂದ ಇಂಥ ಅನೇಕ ಚಿಪ್‌ಗಳಲ್ಲಿ ಒಂದು ಬಿಟ್ಟನ್ನು ಬಾವುಟದಂತೆ ಮೀಸಲಿಟ್ಟಿರುತ್ತಾರೆ. ಹರಳು ನಿಂತಿತೋ, ಆ ಬಾವುಟ ಏರುತ್ತದೆ. ಯಾರಾದರೂ ಬಂದು ಸಮಯ ಸರಿಪಡಿಸಿ ಇಳಿಸುವತನಕ ಏರಿಯೇ ಇರುತ್ತದೆ. ಪ್ರೋಗ್ರಾಂ ಬರೆಯುವವರು ಆ ಬಿಟ್ಟನ್ನು ಓದಬೇಕು, ಅಷ್ಟೇ. ಓದದವರೂ ಇದ್ದಾರೆ!

ನಿಲ್ಲದೆ ನಡೆದರೂ ಅಂಕಿ ಕೆಡಬಹುದು. ಗಡಿಯಾರದ ಪ್ರತಿ ಅಂಕಿಗೂ 4 ಬಿಟ್ಟುಗಳು. ನಾಲ್ಕು ಬಿಟ್ಟುಗಳಲ್ಲಿ 16 ವಿನ್ಯಾಸ ಸಾಧ್ಯ, ನಮಗೆ ಬೇಕಾದದ್ದು 0ಯಿಂದ 9ರವರೆಗಿನ ಹತ್ತು. ಉಳಿದ ಆರರಲ್ಲಿ ಒಂದು ಕಂಡರೆ, ಅಥವಾ 73ನೇ ನಿಮಿಷ, ಫೆಬ್ರುವರಿ 31 ಎಂದು ಬಂದರೆ, ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಆದರೆ 24 ಹೋಗಿ 25 ಆದರೆ? ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. 24 ಎಂದರೆ 0010 0100. ಇದರಲ್ಲಿ ಒಂದುಗಳು ಎರಡು, ಸಮಸಂಖ್ಯೆ. ಗದ್ದಲದಿಂದ ಕೊನೆಯ ಬಿಟ್ಟು ಮಗುಚಿ 0010 0101 ಆದರೆ ಒಂದುಗಳು ಮೂರಾಗುತ್ತವೆ. ಒಂದುಗಳ ಸಂಖ್ಯೆ ಯಾವಾಗಲೂ ಸಮವಾಗಿರುವಂತೆ ಒಂದು ಬಿಟ್ಟನ್ನು ಮೊದಲೇ ಸೇರಿಸಿಟ್ಟಿದ್ದರೆ, ಬೆಸ ಬಂದ ಕೂಡಲೇ ಕಳ್ಳ ಸಿಕ್ಕ. ಇದು ಪ್ಯಾರಿಟಿ ಪರೀಕ್ಷೆ. ಆದರೆ ಒಟ್ಟಿಗೆ ಎರಡು ಬಿಟ್ಟು ಮಗುಚಿ 0010 0111 ಆದರೆ 27 ಆಗುತ್ತದೆ, ಒಂದುಗಳು ನಾಲ್ಕು. ಪ್ಯಾರಿಟಿ ತೆಪ್ಪಗಿರುತ್ತದೆ. ಜರ್ಮನಿಯಲ್ಲಿ ಮೈನ್‌ಫ್ಲಿಂಗೆನ್ ಎಂಬಲ್ಲಿಂದ ರೇಡಿಯೋ ಮೂಲಕ ಪ್ರತಿ ನಿಮಿಷವೂ ಸಮಯ ಬಿತ್ತರಿಸುತ್ತಾರೆ. ಅದರಲ್ಲಿ ನಿಮಿಷ, ಗಂಟೆ, ದಿನಾಂಕ ಮೂರಕ್ಕೂ ಬೇರೆ ಬೇರೆ ಪ್ಯಾರಿಟಿ ಇದೆ. ಅಷ್ಟಿದ್ದರೂ ಜಾಣ ಗಡಿಯಾರ ಹಿಂದಿನ ನಿಮಿಷ 23 ಇದ್ದುದನ್ನು ನೆನಪಿಟ್ಟುಕೊಂಡು, 27 ಬಂದರೆ ನಂಬದೆ ಕಾಯುತ್ತದೆ.

ಒಂದು ಬಿಟ್ಟೂ ಕೆಡದೆ ಆಗುವ ತಪ್ಪು ನನಗೆ ಎಲ್ಲಕ್ಕಿಂತ ಸ್ವಾರಸ್ಯಕರ. 10:59:59 ಇದೆ. ಕಂಪ್ಯೂಟರು ಗಂಟೆಯನ್ನು ಓದಿತು, 10. ನಿಮಿಷ ಓದುವಷ್ಟರಲ್ಲಿ ಗಡಿಯಾರ 11:00:00ಕ್ಕೆ ಹೊರಳಿತು. ಸಿಕ್ಕ ಉತ್ತರ 10:00:00. ಒಂದು ಗಂಟೆಯೇ ಮಾಯ! 1984ರ ಐಬಿಎಂ ಪಿಸಿ-ಎಟಿಯಲ್ಲಿದ್ದ ಗಡಿಯಾರದ ಚಿಪ್ "ಅಂಕಿ ಬದಲಾಗುತ್ತಿದೆ, ತಾಳು" ಎನ್ನುವ ಬಿಟ್ಟನ್ನೇ ಇಟ್ಟುಕೊಂಡಿತ್ತು. ಅದಿಲ್ಲದಿದ್ದರೆ ಎರಡು ಸಲ ಓದಿ, ಎರಡೂ ಒಂದೇ ಬಂದರೆ ಮಾತ್ರ ಒಪ್ಪಬೇಕು. ಪರೀಕ್ಷೆಯಲ್ಲಿ ಲೆಕ್ಕ ತಾಳೆ ನೋಡುವ ಹಾಗೆ.

ಇಷ್ಟೆಲ್ಲ ಕಾವಲಿದ್ದರೂ ಎಣಿಕೆಯ ವೇಗವೇ ತಪ್ಪಿದರೆ ಯಾವ ಬಾವುಟವೂ ಏರುವುದಿಲ್ಲ. ಸಾಮಾನ್ಯ ಹರಳುಗಳು 25 ಡಿಗ್ರಿಯ ಸುಮಾರಿನಲ್ಲಿ ಸರಿಯಾಗಿರುತ್ತವೆ. ಅದಕ್ಕಿಂತ ಕಾದರೂ ತಣಿದರೂ ನಿಧಾನವಾಗುತ್ತವೆ. ಬಳ್ಳಾರಿ ಕಡೆಯ ಬಿಸಿಲಿಗೆ ಪೆಟ್ಟಿಗೆಯೊಳಗೆ 45 ಡಿಗ್ರಿ ಆದರೆ ದಿನಕ್ಕೆ 1 ಸೆಕೆಂಡಿಗೂ ತುಸು ಹೆಚ್ಚು ಹಿಂದೆ ಬೀಳುತ್ತವೆ. ಇದನ್ನು ಹಿಡಿಯಲು ಇನ್ನೊಂದು ಗಡಿಯಾರವೇ ಬೇಕು. ಎರಡಿದ್ದು ಜಗಳವಾಡಿದರೆ ಯಾವುದು ಸರಿ ಎಂದು ಹೇಳಲಾಗದು. ಮೂರು ನಾಲ್ಕಿದ್ದರೆ ತಪ್ಪಿದ್ದು ಬೇರೆಯಾಗಿ ಕಾಣುತ್ತದೆ.

ಇಂಥ ಗಡಿಯಾರಗಳ ಗುಂಪೊಂದು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ. 2013ರಲ್ಲಿ ಅಲ್ಲಿ ತೆರೆದ ಇಸ್ರೋ ನ್ಯಾವಿಗೇಷನ್ ಕೇಂದ್ರವು ಸೀಸಿಯಂ ಮತ್ತು ಹೈಡ್ರೋಜನ್ ಮೇಸರ್ ಗಡಿಯಾರಗಳನ್ನು ಒಟ್ಟುಗೂಡಿಸಿ ನಾವಿಕ್ ಉಪಗ್ರಹಗಳಿಗೆ ಸಮಯ ನಿಗದಿಮಾಡುತ್ತದೆ. ಉಪಗ್ರಹದ ಸಂಕೇತ ಬರಲು ಹಿಡಿದ ಹೊತ್ತಿನಿಂದಲೇ ನಾವು ಎಲ್ಲಿದ್ದೇವೆಂದು ಲೆಕ್ಕ ಹಾಕಬೇಕು. ಬೆಳಕಿನ ವೇಗದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. 2013ರ ಜುಲೈ 1ರಂದು ಹಾರಿದ ಮೊದಲ ಉಪಗ್ರಹ ಐಆರ್‌ಎನ್‌ಎಸ್‌ಎಸ್-1ಎ ತನ್ನೊಡನೆ ಮೂರು ರುಬಿಡಿಯಂ ಪರಮಾಣು ಗಡಿಯಾರಗಳನ್ನು ಒಯ್ದಿತ್ತು. ಮೂರೂ ಕೈಕೊಟ್ಟ ಸುದ್ದಿ 2017ರ ಆರಂಭದಲ್ಲಿ ಹೊರಬಂತು. ಉಪಗ್ರಹದ ಉಳಿದ ಅಂಗಗಳು ನೆಟ್ಟಗಿದ್ದರೂ ದಾರಿ ತೋರಿಸುವ ಕೆಲಸಕ್ಕೆ ಅದು ಒದಗದಾಯಿತು. ನೆಲದವರು ಇಂಥ ತಪ್ಪು ಕಂಡಾಗ ಉಪಗ್ರಹದ ಸಂದೇಶದಲ್ಲೇ "ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ" ಎಂಬ ಗುರುತು ಹಾಕಲು ವ್ಯವಸ್ಥೆಯಿದೆ. ಆಕಾಶದ ಮಿಟುಕುವ 12:00 ಅನ್ನಿ! ಅದರ ಜಾಗಕ್ಕೆಂದು 2017ರ ಆಗಸ್ಟ್‌ನಲ್ಲಿ ಹಾರಿಸಿದ 1ಎಚ್ ರಾಕೆಟ್ಟಿನ ಶಾಖಕವಚ ತೆರೆಯದೆ ವ್ಯರ್ಥವಾಯಿತು. 2018ರ ಏಪ್ರಿಲ್‌ನಲ್ಲಿ 1ಐ ಕಕ್ಷೆ ಸೇರಿತು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮ ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರವಿದೆ.

ಮನೆಯ ಮುಳ್ಳಿನ ಗಡಿಯಾರಕ್ಕೆ ಬಾವುಟವಿಲ್ಲ ನಿಜ, ಆದರೆ ಒಂದು ಸುಳಿವಿದೆ. ಸೆಲ್ಲು ಸೊರಗಿದಾಗ ಸೆಕೆಂಡಿನ ಮುಳ್ಳು 9ರ ಆಸುಪಾಸಿನಲ್ಲಿ, ಮೇಲೇರಲು ತ್ರಾಣ ಸಾಲದೆ, ನಿಂತಲ್ಲೇ ಮಿಡುಕುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಒಂದು ನಿಮಿಷ ನಿಂತು ಅದನ್ನು ನೋಡಿ.