ಪಟ್ಟಿ ಹರಿದ ಹಾಡಿನ ಪೆಟ್ಟಿಗೆ

ಚಳ್ಳಕೆರೆಯ ಓದುಗರೊಬ್ಬರು ಪತ್ರ ಬರೆದು, ತಮ್ಮ ಅಟ್ಟದ ಮೇಲಿದ್ದ ಅಜ್ಜನ ಕಾಲದ ಫೋನೋಗ್ರಾಫಿನ ಬೆಲ್ಟು ಹರಿದಿದೆ, ಹೊಸದು ಎಲ್ಲಿಯೂ ದೊರೆಯದು, ಬೆಂಗಳೂರಿನ ವ್ಯಾಪಾರಿಯೊಬ್ಬರು ಯಂತ್ರವನ್ನು ಕೊಳ್ಳಲು ಮುಂದೆ ಬಂದಿದ್ದಾರೆ, ಕೊಟ್ಟುಬಿಡುವುದು ಲೇಸೇ ಎಂದು ಕೇಳಿದ್ದಾರೆ. ಮೊಳಕಾಲ್ಮೂರಿನ ಸಹೋದರಿಯೊಬ್ಬರು, ತಂದೆಯವರು ಕೊಂಡಿದ್ದ ವಿದ್ಯುತ್ ರೆಕಾರ್ಡ್ ಪ್ಲೇಯರಿನ ಬೆಲ್ಟು ಕರಗಿ ಡಾಂಬರಿನಂತೆ ಅಂಟಿಕೊಂಡಿದೆ ಎಂದು ಬರೆದಿದ್ದಾರೆ. ಎರಡೂ ಬೆಲ್ಟಿನ ಮಾತೇ ಆದರೂ ಮದ್ದು ಬೇರೆ ಬೇರೆ.

ನಮ್ಮ ಕಡೆ ಹಾಡುವ ಪೆಟ್ಟಿಗೆಗಳಿಗೆಲ್ಲ ಗ್ರಾಮಫೋನ್ ಎಂಬ ಒಂದೇ ಹೆಸರು ನಡೆದುಬಂದಿದೆ. ಆದುದರಿಂದ ಮೊದಲು ಯಂತ್ರದ ಜಾತಿಯನ್ನು ಗುರುತಿಸಬೇಕು. ಕೈಯಿಂದ ಕೀಲಿ ಕೊಡುವ, ತಟ್ಟೆ ಹಾಡಿಸುವ ಎಚ್.ಎಂ.ವಿ. ಪೆಟ್ಟಿಗೆಗೆ ಬೆಲ್ಟೇ ಇಲ್ಲ. ಅದರ ಸ್ಪ್ರಿಂಗು ಹಲ್ಲುಚಕ್ರಗಳ ಮೂಲಕ ತಟ್ಟೆಯನ್ನು ತಿರುಗಿಸುತ್ತದೆ. ಅದು ಕುಂಟಿದರೆ ಒಳಗಿನ ಗ್ರೀಸು ಗಟ್ಟಿಯಾಗಿರಬೇಕು, ಇಲ್ಲವೇ ಸ್ಪ್ರಿಂಗು ಮುರಿದಿರಬೇಕು. ಇಲ್ಲದ ಬೆಲ್ಟನ್ನು ಹುಡುಕಿ ಊರೂರು ಅಲೆದವರನ್ನು ನಾನು ಬಲ್ಲೆ.

ಚಳ್ಳಕೆರೆಯವರದು ನಿಜವಾದ ಫೋನೋಗ್ರಾಫು. ಅದು ತಟ್ಟೆಯನ್ನಲ್ಲ, ಲೋಟದಾಕಾರದ ಮೇಣದ ಕೊಳವೆಗಳನ್ನು ಹಾಡಿಸುತ್ತದೆ. ಎಡಿಸನ್ ಮಹಾಶಯನು 1877ರಲ್ಲಿ ರೂಪಿಸಿದ ಮೊದಲ ಯಂತ್ರವನ್ನು ಕೈಯಿಂದಲೇ ತಿರುಗಿಸಬೇಕಾಗಿತ್ತು. ಸ್ಪ್ರಿಂಗಿನ ಮಾದರಿಗಳು ಬಂದ ಮೇಲೆ, ಕೆಳಗಿನ ಮೋಟಾರಿನ ರಾಟೆಯಿಂದ ಮೇಲಿನ ಉರುಳೆಗೆ ಚಲನೆಯನ್ನು ಒಯ್ಯಲು ಚರ್ಮದ ಪಟ್ಟಿ ಬಂದಿತು.

ಈ ಯಂತ್ರಕ್ಕೆ ಗ್ರಾಮಫೋನಿಗಿಲ್ಲದ ಒಂದು ಗುಣವಿದೆ. ಅದು ಹಾಡುವುದಷ್ಟೇ ಅಲ್ಲ, ಕೇಳಿಸಿಕೊಳ್ಳುತ್ತದೆ ಕೂಡ. ಬರಿಯ ಮೇಣದ ಕೊಳವೆ ಮತ್ತು ಕೊರೆಯುವ ಮುಳ್ಳಿನ ಭಾಗವಿದ್ದರೆ ಮನೆಯಲ್ಲಿಯೇ ಧ್ವನಿಯನ್ನು ಮುದ್ರಿಸಿಕೊಳ್ಳಬಹುದಾಗಿತ್ತು. 1892ರಲ್ಲಿ ಸ್ವಾಮಿ ವಿವೇಕಾನಂದರು ಮೈಸೂರಿಗೆ ಬಂದಾಗ ಚಾಮರಾಜೇಂದ್ರ ಒಡೆಯರು ಅವರ ಧ್ವನಿಯನ್ನು ಫೋನೋಗ್ರಾಫಿನಲ್ಲಿ ಹಿಡಿದಿರಿಸಿಕೊಂಡರೆಂದೂ, ಕಾಲಾಂತರದಲ್ಲಿ ಅದು ಅಸ್ಪಷ್ಟವಾಯಿತೆಂದೂ ಸ್ವಾಮಿಗಳ ಜೀವನಚರಿತ್ರೆಯಲ್ಲಿ ಬರುತ್ತದೆ. ಆ ಕಂಠವನ್ನು ಇಂದು ಯಾರೂ ಕೇಳಲಾರರು. ಹೀಗಿರುವಾಗ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹೆಸರಿಲ್ಲದ ಒಂದು ಕೊಳವೆಯಿದ್ದರೆ ಅದರಲ್ಲಿ ಅಜ್ಜನ ಧ್ವನಿಯೇ ಇರಬಾರದೇಕೆ? ವ್ಯಾಪಾರಿಗೆ ಬೇಕಾದುದು ಕಹಳೆ ಮತ್ತು ಮರದ ಪೆಟ್ಟಿಗೆ. ಬೂಸರು ಹಿಡಿದ ಕೊಳವೆಗಳನ್ನು ಆತ ತಿಪ್ಪೆಗೆ ಹಾಕಿದರೂ ಆಶ್ಚರ್ಯವಿಲ್ಲ. ಒಂದು ಅಂಗುಲ ಅಗಲವೂ ಇಲ್ಲದ ಚರ್ಮದ ಪಟ್ಟಿಗಾಗಿ ಇಂಥದನ್ನು ಕೈಬಿಡುವುದು ನನಗೆ ಸಮ್ಮತವಿಲ್ಲ.

ಪಟ್ಟಿಯನ್ನು ಕೊಳ್ಳಬೇಕಾಗಿಯೇ ಇಲ್ಲ, ಮಾಡಿಸಬಹುದು. ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ಬೆಲ್ಟಿಗೆ ಬರವಿಲ್ಲ, ಆದರೆ ಆ ದಪ್ಪ ಬೆಲ್ಟು ಈ ಪುಟ್ಟ ರಾಟೆಗೆ ಬಾಗದು. ಹೊಲಿಗೆ ಯಂತ್ರದ ಚರ್ಮದ ಬೆಲ್ಟು ದುಂಡಗಿದೆ, ಅದರ ತಂತಿಯ ಕೊಂಡಿ ಪ್ರತಿ ಸುತ್ತಿಗೂ ಟಕ್ ಎನ್ನುತ್ತದೆ, ಆ ಸದ್ದು ಹಾಡಿನೊಳಗೂ ಸೇರುತ್ತದೆ. ರಬ್ಬರ್ ಬ್ಯಾಂಡನ್ನಂತೂ ಹಾಕಲೇಬಾರದು. ಅದು ಹಿಗ್ಗಿ ಕುಗ್ಗಿದಂತೆಲ್ಲ ಸ್ವರವೂ ತೇಲಾಡುತ್ತದೆ.

ಪಾದರಕ್ಷೆ ಹೊಲಿಯುವ ಕಾಯಕದವರ ಬಳಿ ಹೋಗಿ, ಒಂದು ಮಿಲಿಮೀಟರಿನಷ್ಟು ದಪ್ಪವಿರುವ ಹದಮಾಡಿದ ಆಡಿನ ಚರ್ಮವನ್ನು ಕೇಳಿರಿ. ರಾಟೆಯ ಮುಖಕ್ಕಿಂತ ಕೂದಲೆಳೆಯಷ್ಟು ಕಡಮೆ ಅಗಲಕ್ಕೆ, ಉದ್ದ ತುಸು ಹೆಚ್ಚಾಗಿಯೇ ಇರುವಂತೆ, ನೇರವಾಗಿ ಸೀಳಿಸಿ, ತೂಕ ಕಟ್ಟಿ ಒಂದು ರಾತ್ರಿ ತೂಗುಹಾಕಬೇಕು. ಹಿಗ್ಗುವುದೆಲ್ಲ ಆಗಲೇ ಹಿಗ್ಗಿಬಿಡಲಿ. ಎರಡು ರಾಟೆಗಳನ್ನೂ ಬಳಸಿ ದಾರ ಸುತ್ತಿ ಉದ್ದದ ಅಳತೆ ತೆಗೆದುಕೊಳ್ಳಿ. ಬೆಲ್ಟನ್ನು ಒತ್ತಿಹಿಡಿಯುವ ಸಣ್ಣ ಗಾಲಿ ಅನೇಕ ಮಾದರಿಗಳಲ್ಲಿರುತ್ತದೆ. ಅಳೆಯುವಾಗ ಅದು ತನ್ನ ಓಟದ ನಡುವೆ ನಿಂತಿರಲಿ. ಬೆಸುಗೆಗೆ ಅರ್ಧ ಅಂಗುಲ ಕೂಡಿಸಿ, ಎರಡು ತುದಿಗಳನ್ನೂ ರಂಪಿಗೆಯಿಂದ ಓರೆಯಾಗಿ ಹೆರೆಯಿಸಿ, ಚಪ್ಪಲಿಗೆ ಹಚ್ಚುವ ಸಲ್ಯೂಷನ್ನಿನಿಂದಲೇ ಕೂಡಿಸಬಹುದು. ಕೂಡಿದ ಜಾಗ ಉಳಿದ ಪಟ್ಟಿಗಿಂತ ದಪ್ಪವಾಗಿರಬಾರದು. ಕೆಲಸದ ಜೀವಾಳವೆಲ್ಲ ಇಲ್ಲಿಯೇ ಇದೆ. ಇದನ್ನು ನಮ್ಮ ನಿಮ್ಮಂಥವರು ಪುಸ್ತಕ ಓದಿ ಮಾಡಲಾಗದು, ರಂಪಿಗೆ ಹಿಡಿದು ಪಳಗಿದ ಕೈಯೇ ಬೇಕು. ಅವರು ಕೇಳಿದ ಕೂಲಿಗೆ ಚೌಕಾಸಿ ಮಾಡಬೇಡಿ.

ಕೀಲಿಯೆಲ್ಲ ಇಳಿದು ಯಂತ್ರ ತಾನಾಗಿ ನಿಂತ ಮೇಲೆಯೇ ಕೈ ಹಾಕಬೇಕು. ಸ್ಪ್ರಿಂಗಿನ ಡಬ್ಬಿಯನ್ನಂತೂ ತೆರೆಯಲೇಬಾರದು, ಬಿಚ್ಚಿಕೊಂಡ ಸ್ಪ್ರಿಂಗು ಕೈ ಸೀಳೀತು.

ಮೊಳಕಾಲ್ಮೂರಿನ ಸಹೋದರಿಯವರಿಗೆ ಬೇಕಾದುದು ರಬ್ಬರಿನ ಬೆಲ್ಟು. ಕರಗಿದ ಹಳೆಯ ರಬ್ಬರನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಪೂರ್ತಿಯಾಗಿ ಒರೆಸಬೇಕು, ಕಲೆ ಉಳಿದರೆ ಹೊಸದೂ ಜಾರುತ್ತದೆ. ಬೆಲ್ಟು ಓಡುವ ದಾರಿಯನ್ನು ದಾರದಿಂದ ಅಳೆದು, ಅದಕ್ಕಿಂತ ನೂರಕ್ಕೆ ಐದರಿಂದ ಹತ್ತು ಪಾಲು ಚಿಕ್ಕದನ್ನು ಕೇಳಬೇಕು. ಜಾತ್ರೆ, ಮದುವೆಗಳಿಗೆ ಮೈಕ್‌ಸೆಟ್ಟು ಒಯ್ಯುತ್ತಿದ್ದ ಹಳಬರನ್ನು ಮೊದಲು ವಿಚಾರಿಸಿರಿ. ನಾನು ಮಠದಲ್ಲಿ ವ್ಯಾಕರಣ ಓದುತ್ತಿದ್ದಾಗ ಬೆಳಗಿನ ಜಾವ ನಮ್ಮನ್ನು ಎಬ್ಬಿಸುತ್ತಿದ್ದುದು ಅಂಥವರೊಬ್ಬರ ತಟ್ಟೆಯ ವಚನಗಾಯನವೇ. ಅವರ ಡಬ್ಬಿಗಳಲ್ಲಿ ಏನಿದೆಯೆಂದು ಅವರಿಗೂ ನೆನಪಿರುವುದಿಲ್ಲ. ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿವೆ, ಅಳತೆಯ ದಾರವನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಹಾಡಿದ ಎಚ್.ಎಂ.ವಿ. ತಟ್ಟೆಗಳು ಮನೆಯಲ್ಲಿದ್ದರೆ, ಪ್ಲೇಯರಿನಲ್ಲಿ 78ರ ವೇಗವೂ ಅದಕ್ಕೆ ತಕ್ಕ ದಪ್ಪ ಮುಳ್ಳೂ ಇವೆಯೇ ಎಂದು ನೋಡಿಕೊಂಡೇ ಹಾಕಿರಿ.

ಬೆಲ್ಟು ಕೂಡಿದ ಮೇಲೆ ವೇಗವನ್ನು ಎಣಿಸಬೇಕು. ಪ್ಲೇಯರಿನ ತಟ್ಟೆಯ ಅಂಚಿಗೆ ಕಾಗದದ ಚೂರನ್ನು ಸಿಕ್ಕಿಸಿದರೆ, ದೊಡ್ಡ ಎಲ್.ಪಿ. ವೇಗದಲ್ಲಿ 3 ನಿಮಿಷಕ್ಕೆ 100 ಸುತ್ತು ಬರಬೇಕು. 1902ರ ನಂತರದ ಅಚ್ಚಿನ ಕೊಳವೆಗಳಿಗೆ ನಿಮಿಷಕ್ಕೆ 160 ಸುತ್ತು, ಎಂದರೆ 15 ಸೆಕೆಂಡಿಗೆ 40. ಗವರ್ನರಿನ ತಿರುಪಿನಿಂದ ಇದನ್ನು ಹೊಂದಿಸಬಹುದು.

ಚಳ್ಳಕೆರೆಯವರು ಅವಸರದಿಂದ ಎಲ್ಲ ಕೊಳವೆಗಳನ್ನೂ ಹಾಡಿಸಬಾರದು. ಮೇಣ ಪ್ರತಿ ಸಲವೂ ಸವೆಯುತ್ತದೆ. ಅಂಚಿನಲ್ಲಿ ಹಾಡಿನ ಹೆಸರಿರುವ ಅಚ್ಚಿನ ಕೊಳವೆಯಿಂದಲೇ ಮೊದಲ ಪರೀಕ್ಷೆ ನಡೆಯಲಿ. ಬರಹವೇ ಇಲ್ಲದ, ಕಂದು ಬಣ್ಣದ ಮೆತ್ತನೆಯ ಕೊಳವೆಯಿದ್ದರೆ ಅದನ್ನು ಮುಳ್ಳಿಗೆ ಕೊಡದೆ, ಒಳಗಿನಿಂದ ಎರಡು ಬೆರಳುಗಳಲ್ಲಿ ಎತ್ತಿ, ತಂಪಾದ ಒಣ ಜಾಗದಲ್ಲಿ ನಿಲ್ಲಿಸಿಡಿ. ಇಂಥವನ್ನು ಮುಟ್ಟದೆಯೇ, ಗೀರುಗಳ ಚಿತ್ರ ತೆಗೆದು ಧ್ವನಿಯನ್ನು ಓದುವ ವಿಧಾನವನ್ನು ಅಮೆರಿಕದ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು ಸಾಧಿಸಿದ್ದಾರೆ. ಪೆಟ್ಟಿಗೆಯಲ್ಲಿ ಎಷ್ಟು ಕೊಳವೆಗಳಿವೆ, ಯಾವುದರ ಅಂಚಿನಲ್ಲಿ ಏನು ಬರೆದಿದೆ, ಬರಹವಿಲ್ಲದವು ಎಷ್ಟು ಎಂಬುದನ್ನು ಪಟ್ಟಿಮಾಡಿ ನನಗೆ ಕಳುಹಿಸಿಕೊಡಿ. ವ್ಯಾಪಾರಿಗೆ ಅಲ್ಲಿಯವರೆಗೆ ಏನೂ ಹೇಳಬೇಡಿ.