ಪರದೇಶಿ ಅಂದರೆ ಯಾರು?

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಮ್ಮ ಬಂಗಾರಪೇಟೆಯಲ್ಲಿ ನಾನು ಹಾಲು ಕಾಯಿಸುವ ಹೊತ್ತಿಗೆ ಜಪಾನಿನ ಒಸಾಕಾದಲ್ಲಿ ಹತ್ತೂವರೆ ಆಗಿರುತ್ತದೆ. ಓದಲು ಹೋಗಿರುವ ಮಗಳು ಫೋನ್ ಮಾಡುವುದು ಆಗಲೇ. ಹೋದ ತಿಂಗಳು ಒಂದು ಭಾನುವಾರ ಫೋನ್ ಬಂತು, ಆದರೆ ಆ ಕಡೆಯಿಂದ ಮಾತಿಲ್ಲ.

"ಏನಾಯ್ತೇ?" ಅಂದೆ.

"ಅಮ್ಮಾ, ಮನೆ ಸಿಗಲಿಲ್ಲ."

ಹಾಸ್ಟೆಲ್ಲು ಒಂದೇ ವರ್ಷಕ್ಕೆ. ಅದು ಮುಗಿದ ಮೇಲೆ ಹೊರಗೆ ರೂಮು ಹುಡುಕಿಕೊಳ್ಳಬೇಕು. ಇವಳೂ ಇವಳ ಜೊತೆ ಓದುವ ಫ್ರಾನ್ಸಿನ ಹುಡುಗಿಯೂ ಸೇರಿ ಬ್ರೋಕರ್ ಆಫೀಸಿಗೆ ಹೋಗಿದ್ದರಂತೆ. ಅಲ್ಲಿದ್ದವನು ಮನೆ ಮಾಲೀಕರಿಗೆ ಫೋನ್ ಮಾಡಿ, ಎರಡು ನಿಮಿಷ ಮಾತಾಡಿ, ಎದ್ದು ನಿಂತು ಸೊಂಟ ಬಗ್ಗಿಸಿ ಕ್ಷಮೆ ಕೇಳಿದನಂತೆ. "ಗೈಕೊಕುಜಿನ್"ಗೆ ಕೊಡುವುದಿಲ್ಲವಂತೆ. ಹಾಗೆಂದರೆ ಹೊರದೇಶದವರು. ಎರಡು ಕಡೆಯೂ ಇದೇ ಉತ್ತರ.

ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? "ಆ ಹುಡುಗಿ ಬೆಳ್ಳಗಿದ್ದಾಳಲ್ಲೇ, ಅವಳಿಗೂ ಕೊಡಲ್ವಾ?"

ಅಳು ಬರುವಂತಿದ್ದ ಮಗಳು ನಕ್ಕುಬಿಟ್ಟಳು. "ಅಮ್ಮಾ, ಇಲ್ಲಿ ಅವಳೂ ಪರದೇಶಿನೇ."

ನನ್ನ ಆಶ್ಚರ್ಯ ನಿಮಗೆ ಅರ್ಥವಾಗಬೇಕಾದರೆ ಕೆಜಿಎಫ್ ಪಕ್ಕದಲ್ಲಿ ಬೆಳೆದಿರಬೇಕು. ನಾವು ಕೇಳಿಕೊಂಡು ಬೆಳೆದ ಕಥೆಗಳಲ್ಲಿ ಬಿಳಿಯರು ಅಂದರೆ ದೊರೆಗಳು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಅದರ ಹಿಂದೆಯೇ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿ ಕೆಲಸ ಬಲ್ಲವರು ಬಂದರು. ಬಂದವರು ತಮ್ಮ ಊರನ್ನೇ ಇಲ್ಲಿ ಕಟ್ಟಿಕೊಂಡರು. ತೋಟದ ನಡುವೆ ಬಂಗಲೆ, ಚರ್ಚು, ಕ್ಲಬ್ಬು, ಗಾಲ್ಫ್ ಮೈದಾನ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಅದಾಗಿ ಮೂರು ವರ್ಷಕ್ಕೆ. ಜನ ಕೆಜಿಎಫ್‌ಗೆ "ಲಿಟಲ್ ಇಂಗ್ಲೆಂಡ್" ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅಷ್ಟೇಕೆ, ನಮ್ಮ ಬಂಗಾರಪೇಟೆಗೇ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿತ್ತು, ಬೌರಿಂಗ್‌ಪೇಟೆ ಅಂತ.

ಅಡುಗೆಗೆ ಬಟ್ಲರ್, ಮಕ್ಕಳಿಗೆ ಆಯಾ, ಗಿಡಕ್ಕೆ ಮಾಲಿ, ಕೂಲಿಯವರ ಹತ್ತಿರ ಮಾತಾಡೋದಕ್ಕೆ ಮೇಸ್ತ್ರಿ. ಹೀಗಿದ್ದ ಮೇಲೆ ನಮ್ಮ ಭಾಷೆಯ ನಾಲ್ಕು ಮಾತು ಕಲಿಯದೆಯೂ ಒಬ್ಬ ದೊರೆ ನೌಕರಿ ಮುಗಿಸಿ ಹಡಗು ಹತ್ತಬಹುದಿತ್ತು. ದೂರದ ದೇಶದಿಂದ ಬಂದವರು ಅವರು, ಆದರೆ ಪರದೇಶಿಗಳಾದವರು ಯಾರು? ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಮೂಟೆ ಕಟ್ಟಿಕೊಂಡು ಬಂದು, ತಟ್ಟಿ ಗುಡಿಸಲಿನ ಲೈನುಗಳಲ್ಲಿ ಸಂಸಾರ ಹೂಡಿ, ದಿನಾ ಭೂಮಿಯೊಳಗೆ ಇಳಿದ ಕೂಲಿ ಜನ. ನಮ್ಮ ಮಾತಿನಲ್ಲಿ ದಿಕ್ಕಿಲ್ಲದವನಿಗೂ ಪರದೇಶಿ ಅಂತಲೇ ಅಲ್ಲವೇ ಅನ್ನೋದು?

ಹೀಗಾಗಿ, ಯುರೋಪಿನ ಹುಡುಗಿಯೊಬ್ಬಳು ನನ್ನ ಮಗಳ ಪಕ್ಕದಲ್ಲಿ ಕೂತು "ನಿಮಗೆ ಮನೆ ಇಲ್ಲ" ಅನ್ನಿಸಿಕೊಂಡಳು ಅನ್ನೋದು ನನ್ನ ತಲೆಗೆ ಹತ್ತಲೇ ಇಲ್ಲ.

ಆಮೇಲೆ ಮಗಳು ಒಂದೊಂದಾಗಿ ಹೇಳುತ್ತಾ ಹೋದಳು. ಅಲ್ಲಿ ಇಬ್ಬರದೂ ಒಂದೇ ಪಾಡು. ಹೊಸ ಮನೆಗೆ ಹೋದರೆ ಹದಿನಾಲ್ಕು ದಿನದೊಳಗೆ ವಾರ್ಡ್ ಆಫೀಸಿನಲ್ಲಿ ವಿಳಾಸ ಬರೆಸಬೇಕು. ಪರದೇಶದವರಿಗೆ ಕೊಡುವ ಕಾರ್ಡು ಸದಾ ಜೊತೆಯಲ್ಲಿರಬೇಕು. ಅನುಮತಿ ತಗೊಂಡು ಪಾರ್ಟ್‌ಟೈಮ್ ಕೆಲಸ ಮಾಡಬಹುದು, ಆದರೆ ಕಾಲೇಜು ನಡೆಯುವಾಗ ವಾರಕ್ಕೆ 28 ಗಂಟೆ ಮೀರುವಂತಿಲ್ಲ. ಕಸಕ್ಕೂ ವಾರ ಇದೆ. ಸುಡುವ ಕಸ ಒಂದು ದಿನ, ಪ್ಲಾಸ್ಟಿಕ್ ಇನ್ನೊಂದು ದಿನ, ಅದೂ ಒಳಗಿರೋದು ಕಾಣುವಂಥ ಚೀಲದಲ್ಲಿ. ತಪ್ಪಾದರೆ ಚೀಲದ ಮೇಲೆ ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋಗುತ್ತಾರೆ. ಬೀದಿಯವರಿಗೆಲ್ಲ ಕಾಣುತ್ತದೆ, ಹೊಸಬರ ಕಸ ಅಂತ.

ಬಿಳಿ ಹುಡುಗಿಗೆ ಇನ್ನೂ ಒಂದು ಕಷ್ಟವಂತೆ. ರೈಲಿನಲ್ಲಿ ಎಷ್ಟೋ ಸಲ ಅವಳ ಪಕ್ಕದ ಸೀಟು ಖಾಲಿಯೇ ಉಳಿಯುತ್ತದೆ. ಒಂದು ಥ್ಯಾಂಕ್ಸು ಜಪಾನಿಯಲ್ಲಿ ಹೇಳಿದರೆ ಸಾಕು, "ಎಷ್ಟು ಚೆನ್ನಾಗಿ ಮಾತಾಡ್ತೀರ!" ಅಂತ ಹೊಗಳಿಬಿಡುತ್ತಾರೆ. ಮೊದಲ ತಿಂಗಳು ಅವಳಿಗೆ ಖುಷಿಯೋ ಖುಷಿ. ಆರನೇ ತಿಂಗಳಿಗೆ ಅದನ್ನು ಕೇಳಿ ಅತ್ತಳಂತೆ. "ಹೊಗಳಿದಾಗೆಲ್ಲ ನೀನು ಹೊರಗಿನವಳು ಅಂತ ಇನ್ನೊಂದು ಸಲ ಹೇಳಿದ ಹಾಗಾಗುತ್ತೆ" ಅಂದಳಂತೆ.

ಭಾಷೆಯ ವಿಷಯದಲ್ಲಿ ಮಾತ್ರ ನಮ್ಮ ಹುಡುಗಿ ಒಂದು ಕೈ ಮೇಲು. ಜಪಾನಿಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಥೇಟ್ ನಮ್ಮ ಹಾಗೆ. "ವತಾಶಿ ವಾ ಪಾನ್ ಓ ತಬೆಮಾಸ್" ಅಂದರೆ "ನಾನು ಬ್ರೆಡ್ಡು ತಿಂತೀನಿ". ಪದಕ್ಕೆ ಪದ ಕೂರಿಸಿದರೆ ಮುಗಿಯಿತು. ಫ್ರೆಂಚ್ ಹುಡುಗಿ ಪ್ರತಿ ವಾಕ್ಯವನ್ನೂ ತಲೆಕೆಳಗು ಮಾಡಬೇಕು. ಅವಳಿಗೆ ಸಿಕ್ಕ ಒಂದೇ ಸಮಾಧಾನ ಆ "ಪಾನ್". ನಾನೂರಕ್ಕೂ ಹೆಚ್ಚು ವರ್ಷದ ಹಿಂದೆ ಪೋರ್ಚುಗೀಸರು ಜಪಾನಿಗೆ ತಂದ ಮಾತಂತೆ ಅದು, ಫ್ರೆಂಚಿನಲ್ಲೂ ಹೆಚ್ಚುಕಡಿಮೆ ಹಾಗೇ ಅಂತಾರಂತೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ತೆಲುಗು, ಸ್ಕೂಲಿನಲ್ಲಿ ಇಂಗ್ಲಿಷು ಹಿಂದಿ ಅಂತ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ಭಾಷೆ ಅಂದರೆ ಇನ್ನೊಂದು ಪಾತ್ರೆ ಇದ್ದ ಹಾಗೆ. ಹಾಗಂತ ಎರಡು ಸಾವಿರ ಚಿಲ್ಲರೆ ಕಾಂಜಿ ಅಕ್ಷರಗಳ ಮುಂದೆ ಇಬ್ಬರೂ ಒಂದೇ. ರಾತ್ರಿ ಒಬ್ಬರಿಗೊಬ್ಬರು ಒಪ್ಪಿಸಿಕೊಂಡು ಮಲಗುತ್ತಾರೆ.

ಇಷ್ಟೆಲ್ಲ ಕೇಳುತ್ತಾ ಪಕ್ಕದಲ್ಲಿ ಕೂತಿದ್ದ ಅಪ್ಪ "ಎಲ್ಲಿ, ಫೋನ್ ಕೊಡಿಲ್ಲಿ" ಅಂದರು. ಅಪ್ಪ ಕೆಜಿಎಫ್ ಗಣಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಮನೆಗೆ ಬಂದವರು.

"ಪಾಪಾ, ಒಸಾಕಾದೋರು ನಂಗೆ ಗೊತ್ತಮ್ಮಾ" ಅಂದರು.

ಅದು ನಿಜ. ನಮ್ಮ ಗಣಿಗೆ ಚಿನ್ನಕ್ಕಲ್ಲದೆ ಓದಿಗಾಗಿ ಬಂದ ಪರದೇಶದವರೂ ಇದ್ದರು. ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಮೂರೂ ಸೇರಿ ಪ್ರಯೋಗ ನಡೆಸಿದವು. ಮೇಲಿಂದ ಬೀಳುವ ಬೇರೆಲ್ಲ ಕಣಗಳನ್ನು ಅಷ್ಟು ದಪ್ಪದ ಬಂಡೆ ತಡೆದುಬಿಡುತ್ತದೆ, ಬಂಡೆಯನ್ನೂ ತೂರಿ ಬರುವ ನ್ಯೂಟ್ರಿನೋ ಮಾತ್ರ ಸಿಗುತ್ತದೆ ಅನ್ನೋದು ಲೆಕ್ಕ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಪ್ರಪಂಚದಲ್ಲಿ ಮೊದಮೊದಲು ಸಿಕ್ಕಿದ ಜಾಗಗಳಲ್ಲಿ ನಮ್ಮ ಕೆಜಿಎಫ್ ಕೂಡ ಒಂದು, 1965ರಲ್ಲಿ. 1980ರಿಂದ ಇಲ್ಲೇ ಪ್ರೋಟಾನ್ ಕ್ಷಯದ ಪ್ರಯೋಗ ನಡೆಯಿತು. ಅದರಲ್ಲೂ ಜಪಾನಿನವರಿದ್ದರು.

ಅಪ್ಪನಿಗೆ ಪ್ರೋಟಾನೂ ಗೊತ್ತಿಲ್ಲ, ನ್ಯೂಟ್ರಿನೋನೂ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟು. ಆ ಜನ ತಮ್ಮ ಜೊತೆಯೇ ಕೇಜಿನಲ್ಲಿ ಇಳಿಯುತ್ತಿದ್ದರು. ತಲೆಗೆ ಹೆಲ್ಮೆಟ್ಟು, ದೀಪ, ಕೆಳಗೆ ಇಳಿದರೆ ಅದೇ ಧಗೆ, ಅದೇ ಬೆವರು. ಅವರಲ್ಲಿ ಒಬ್ಬ ಹುಡುಗ ಒಂದು ದಿನ ಹೊಟ್ಟೆ ಕೆಟ್ಟು ಶಾಫ್ಟಿನ ಹತ್ತಿರ ಕೂತಿದ್ದನಂತೆ. ಖಾರ ತಿಂದು ಸುಸ್ತಾಗಿದ್ದ. ಅಪ್ಪ ತಮ್ಮ ಬುತ್ತಿಯಲ್ಲಿದ್ದ ರಾಗಿ ಅಂಬಲಿ ಕೊಟ್ಟರಂತೆ. ಅವನು ಕುಡಿದು, ಜೇಬಿನಿಂದ ಪುಸ್ತಕ ತೆಗೆದು, ಇದರ ಹೆಸರೇನು ಅಂತ ಸನ್ನೆ ಮಾಡಿ ಬರೆದುಕೊಂಡನಂತೆ. ಆಮೇಲೆ ಎಲ್ಲಿ ಕಂಡರೂ ತಲೆ ಬಗ್ಗಿಸಿ "ಅಂಬರಿ" ಅನ್ನುತ್ತಿದ್ದನಂತೆ. ಅವನ ಹೆಸರು ಅಪ್ಪನಿಗೆ ನೆನಪಿಲ್ಲ. ಈಗಲೂ "ಅಂಬರಿ ಸಾರ್" ಅಂತಲೇ ಹೇಳುತ್ತಾರೆ.

"ಅಲ್ಲಿ 'ಳ', 'ಲ' ಎರಡೂ ಇಲ್ಲ ತಾತಾ, ಎಲ್ಲಾ 'ರ'ನೇ" ಅಂದಳು ಮಗಳು. ಇಬ್ಬರೂ ನಕ್ಕರು.

ಆಮೇಲೆ ತಾತ ಹೇಳಿದರು, "ನೋಡು ಪಾಪಾ, ದೊರೆಗಳ ಮನೆ ಬಾಗ್ಲಿಗೆ ನಾವು ಹೋಗೋ ಹಾಗಿರ್ಲಿಲ್ಲ. ಅವರಿಗೆ ನಮ್ಮಿಂದ ಕೆಲಸ ಬೇಕಿತ್ತು, ಇನ್ನೇನೂ ಬೇಕಿರ್ಲಿಲ್ಲ. ಈ ಹುಡುಗನಿಗೆ ಬೇಕಿತ್ತು. ಅದಕ್ಕೇ ಅವನು ನಮ್ಮೋನಾದ. ನಿಂಗೂ ಅಲ್ಲಿ ಒಬ್ಬರು ಸಿಗ್ತಾರೆ, ಕೇಳ್ತಾ ಇರು."

ಫೋನ್ ಇಟ್ಟ ಮೇಲೆ ನಾನು ಆ ಮನೆ ಮಾಲೀಕರನ್ನು ಬಾಯಿಗೆ ಬಂದ ಹಾಗೆ ಬೈದೆ. ಹೆತ್ತ ಹೊಟ್ಟೆ ನೋಡಿ. ಹೊರದೇಶದವರು ಅಂದ ಮಾತ್ರಕ್ಕೆ ಕಳ್ಳರೇ? ಬಾಡಿಗೆ ಕೊಡಲ್ವೇ?

ಅಪ್ಪ ಪೇಪರಿನಿಂದ ತಲೆ ಎತ್ತದೆ ಕೇಳಿದರು, "ಮೇಲ್ಗಡೆ ಮನೆ ಕೇಳ್ಕೊಂಡು ಬಂದಿದ್ರಲ್ಲಮ್ಮಾ, ಆ ಅಸ್ಸಾಮಿನ ಹುಡುಗರು, ಏನಾದ್ರು?"

ನನಗೆ ಉತ್ತರ ಹೊರಡಲಿಲ್ಲ.

ನಮ್ಮ ಮಹಡಿ ಮನೆ ಮೂರು ತಿಂಗಳಿಂದ ಖಾಲಿ. ಕೋಲಾರದ ಕಡೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಇಬ್ಬರು ಹುಡುಗರು ಬೋರ್ಡು ನೋಡಿ ಬಂದಿದ್ದರು. ಆಧಾರ್ ಕಾರ್ಡು ಕೈಯಲ್ಲೇ ಹಿಡಿದಿದ್ದರು, ಅಡ್ವಾನ್ಸೂ ತಂದಿದ್ದರು. ನಾನು ಗೇಟಿನಲ್ಲೇ ನಿಂತು "ಫ್ಯಾಮಿಲಿಗೆ ಮಾತ್ರ" ಅಂದೆ. ಅದು ಪೂರ್ತಿ ನಿಜವಲ್ಲ. ಅದಕ್ಕೂ ಮುಂಚೆ ಬಂದಿದ್ದ ಮುಳಬಾಗಿಲಿನ ಹುಡುಗನಿಗೆ ಕೊಡಲು ನಾನು ಒಪ್ಪಿದ್ದೆ, ಅವನೇ ಬರಲಿಲ್ಲ. ಇವರನ್ನು ಕಂಡಾಗ ಯಾರೋ ಏನೋ, ಎಲ್ಲಿಯವರೋ, ಭಾಷೆ ಬೇರೆ ಬರಲ್ಲ ಅನ್ನಿಸಿತು, ಅಷ್ಟೆ. ಒಸಾಕಾದವನು ಬಗ್ಗಿ ಕ್ಷಮೆಯಾದರೂ ಕೇಳಿದ. ನಾನು ಅದನ್ನೂ ಕೇಳಲಿಲ್ಲ.

ಅವರು ಕೊಟ್ಟು ಹೋಗಿದ್ದ ಫೋನ್ ನಂಬರು ಕ್ಯಾಲೆಂಡರಿನ ಹಿಂದೆ ಇತ್ತು. ಎರಡು ದಿನ ಹಿಂದೆಮುಂದೆ ನೋಡಿ ಫೋನ್ ಮಾಡಿದೆ. ಮಾಲೂರಿನಲ್ಲಿ ರೂಮು ಸಿಕ್ಕಿತಂತೆ. "ಪರವಾಗಿಲ್ಲ ಆಂಟಿ" ಅಂದ, ಕನ್ನಡದಲ್ಲೇ. ಮೂರೇ ತಿಂಗಳಲ್ಲಿ ಕಲಿತಿದ್ದ. "ಚೆನ್ನಾಗಿ ಮಾತಾಡ್ತೀಯಪ್ಪಾ" ಅನ್ನಬೇಕೆಂದು ಬಾಯಿ ತೆರೆದವಳು, ಆ ಫ್ರೆಂಚ್ ಹುಡುಗಿ ನೆನಪಾಗಿ ಸುಮ್ಮನಾದೆ. "ಊಟಕ್ಕೆ ಏನು ಮಾಡ್ಕೋತೀರಿ?" ಅಂತ ಕೇಳಿದೆ.

ಮಗಳಿಗೂ ಕೊನೆಗೆ ರೂಮು ಸಿಕ್ಕಿತು. ಮೂರನೇ ಬ್ರೋಕರು. ಜಾಮೀನಿಗೆ ನಿಲ್ಲುವ ಕಂಪನಿಗೆ ದುಡ್ಡು ಕಟ್ಟಿ, "ರೇಕಿನ್" ಅಂತ ಮಾಲೀಕರಿಗೆ ವಾಪಸ್ ಬಾರದ ಒಂದು ತಿಂಗಳ ಬಾಡಿಗೆ ಕೊಟ್ಟು, ಲಿಫ್ಟಿಲ್ಲದ ನಾಲ್ಕನೇ ಮಹಡಿ. ಇಬ್ಬರೂ ಒಟ್ಟಿಗೇ ಇದ್ದಾರೆ. ಕೆಳಗಿನ ಮನೆಯ ಅಜ್ಜಿ ಮೊದಲ ವಾರ ಇವರ ಕಸದ ಚೀಲ ಎರಡು ಸಲ ವಾಪಸ್ ತಂದಿಟ್ಟರಂತೆ. ಮೂರನೇ ಸಲ ಬಂದು, ನೆಲದ ಮೇಲೆ ಕೂತು, ಒಂದೊಂದಾಗಿ ಬೇರೆ ಮಾಡಿ ತೋರಿಸಿಕೊಟ್ಟರಂತೆ. ಆ ಅಜ್ಜಿಗೆ ಏನಾದರೂ ಮಾಡಿಕೊಡಬೇಕು, ರಾಗಿ ಹಿಟ್ಟು ಕಳಿಸು ಅಂದಿದ್ದಾಳೆ. ತಾತನಿಗೆ ಈ ವಿಷಯ ಗೊತ್ತಾದ ದಿನದಿಂದ ಮನೆಯಲ್ಲಿ ಪಾರ್ಸೆಲ್ಲಿನದೇ ಮಾತು.

ನಾನು ಗೇಟಿಗೆ ಬೋರ್ಡು ಮತ್ತೆ ಕಟ್ಟಿದ್ದೇನೆ. ಮನೆ ಬಾಡಿಗೆಗೆ ಇದೆ ಅಂತ ಮಾತ್ರ ಬರೆದಿದೆ. ಕೇಳಿಕೊಂಡು ಬಂದವರನ್ನು ಗೇಟಿನ ಒಳಗೆ ಕರೆದು ಕೂರಿಸಿ ಆಮೇಲೆ ಮಾತಾಡಬೇಕು ಅಂತ ಅಪ್ಪನ ಆರ್ಡರ್ ಆಗಿದೆ.