ಮುಖದ ಸ್ನಾಯುಗಳು ಮತ್ತು ನಮ್ಮ ಪಾಠ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಜನತೆಗೆ ಮುಖಭಾವದ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ್ದು ಈ ನೆಲದಲ್ಲಿಯೇ. 2012ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ಕಂಡವರು ಆ ಹುಬ್ಬು, ಕಣ್ಣು, ಕತ್ತುಗಳ ಚಲನೆಯನ್ನು ಮರೆಯಲಾರರು. ಆದರೆ ಹುಬ್ಬನ್ನೇರಿಸುವ ಹಣೆಯ ಸ್ನಾಯು, ಕಣ್ಣು ಮುಚ್ಚಿಸುವ ವರ್ತುಲ ಸ್ನಾಯು, ಕಿವಿಯ ಹಿಂದಿನಿಂದ ಎದೆಮೂಳೆಗಿಳಿದು ಕತ್ತನ್ನು ಹೊರಳಿಸುವ ಸ್ನಾಯು ಇವೆಲ್ಲ ನಮ್ಮ ವಿದ್ಯಾರ್ಥಿಗಳಿಗೆ ಗೋಡೆಯ ಪಟದಲ್ಲಿನ ಹೆಸರುಗಳು ಮಾತ್ರ.

ಇದು ಸಣ್ಣ ಕೊರತೆಯಲ್ಲ. ಮುಖಭಾವದ ಸ್ನಾಯುಗಳನ್ನು ನಡೆಸುವುದು ಏಳನೆಯ ಕಪಾಲ ನರ. ಒಂದು ಬದಿಯ ನರ ಸೋತರೆ ಆ ಬದಿಯ ಮುಖ ಜೋತುಬೀಳುತ್ತದೆ, ಕಣ್ಣು ಮುಚ್ಚದು. ಅದನ್ನು ‘ಗಾಳಿ ಸೋಕಿದ್ದು’ ಎಂದು ಬಗೆದು ತಾಯಿತ ಕಟ್ಟಿಸಿ ದಿನ ಕಳೆಯುವವರು ಇಂದಿಗೂ ಉಂಟು. ಇಂಥ ಬೇನೆಗೆ 72 ಗಂಟೆಗಳೊಳಗೆ ಔಷಧ ಆರಂಭಿಸುವುದು ಹೆಚ್ಚು ಫಲಕಾರಿ. ಮಿದುಳಿನ ಆಘಾತದಲ್ಲಿಯೂ ಬಾಯಿ ಸೊಟ್ಟಗಾಗುವುದರಿಂದ ಕೂಡಲೇ ವೈದ್ಯರನ್ನು ಕಾಣುವುದೇ ಲೇಸು.

ಆದುದರಿಂದ ಶಿಕ್ಷಕರು ಈ ಪಾಠವನ್ನು ಪಟದಿಂದಲ್ಲ, ಕನ್ನಡಿಯಿಂದ ಆರಂಭಿಸಲಿ. ಮಕ್ಕಳು ತಮ್ಮ ಹುಬ್ಬು, ಕೆನ್ನೆ, ಕತ್ತುಗಳನ್ನು ತಾವೇ ಮುಟ್ಟಿ ಅರಿಯಲಿ. ದಾನಿಗಳು ತರಗತಿಗೊಂದು ಕನ್ನಡಿಯನ್ನಿತ್ತರೂ ಸಾಕು. ಕಾಯವನ್ನು ಅರಿಯದವರು ಕಾಯಕವನ್ನು ಹೇಗೆ ನಡೆಸಿಯಾರು?